ಅಜ್ಜನ ಪೆಟ್ಟಿಗೆಯ ಹಳೆಯ ರೆಕಾರ್ಡ್‌ಗಳನ್ನು ಒರೆಸಿ ಮಾರಿ ಹೊಸ ಎಲ್‌ಪಿ ಕೊಳ್ಳಲೇ? ನೀವೆಲ್ಲ ಈಗ ಏನು ಕೇಳುತ್ತಿದ್ದೀರಿ?

ಮೊದಲು ಆ ಸ್ಪಿರಿಟ್ ಬಾಟಲಿಗೆ ಮುಚ್ಚಳ ಹಾಕಿ ದೂರ ಇಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಅಟ್ಟದ ಮೇಲೆ ಒಂದು ಪೆಟ್ಟಿಗೆ ರೆಕಾರ್ಡ್ ಸಿಕ್ಕಿವೆ, ಬೂಷ್ಟು ಹಿಡಿದಿವೆ, ಸ್ಪಿರಿಟ್‌ನಿಂದ ಒರೆಸಿ ಮಾರಿ, ಬಂದ ದುಡ್ಡಿನಲ್ಲಿ ಒಳ್ಳೆಯ ಹೊಸ ಎಲ್‌ಪಿ (ಹೆಚ್ಚು ಹೊತ್ತು ಹಾಡುವ ತಟ್ಟೆ) ಕೊಳ್ಳಬೇಕೆಂದಿದ್ದೇನೆ, ನೀವೆಲ್ಲ ಏನು ಕೇಳುತ್ತಿದ್ದೀರಿ ಹೇಳಿ ಎಂದಿದ್ದೀರಿ. ಓದುತ್ತಿದ್ದಂತೆ 2012ರ ಜುಲೈ ತಿಂಗಳು ಕಣ್ಣ ಮುಂದೆ ಬಂದು ನಿಂತಿತು. ಹುಬ್ಬಳ್ಳಿಯ ನಮ್ಮ ಹಳೆಯ ಮನೆ, ಹಂಚಿನ ಸಂದಿಯಿಂದ ತೊಟ್ಟಿಕ್ಕುವ ಮಳೆ, ನಡುಮನೆಯಲ್ಲಿ ಹಾಸಿದ ಜಮಖಾನೆ, ಅದರ ಮೇಲೆ ಅಜ್ಜನ ಪೆಟ್ಟಿಗೆಯ ಮುಂದೆ ಕುಳಿತ ನಾನು.

ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದರು. ಸಂಬಳದಲ್ಲಿ ನಾಲ್ಕು ಕಾಸು ಉಳಿಸಿ, ಹೆಚ್ಚಾಗಿ ಬೇರೆಯವರು ಕೇಳಿ ಬಿಟ್ಟ ತಟ್ಟೆಗಳನ್ನೇ ಕೊಂಡು ತರುತ್ತಿದ್ದರಂತೆ. ಸೂಟ್‌ಕೇಸಿನಂತೆ ಮುಚ್ಚಿ ಹಿಡಿದುಕೊಂಡು ಹೋಗಬಹುದಾದ, ಕೀಲಿ ಕೊಟ್ಟು ತಿರುಗಿಸುವ ಎಚ್‌ಎಂವಿ ಗ್ರಾಮಫೋನ್ ಒಂದಿತ್ತು. ಅವರು ತೀರಿಕೊಂಡ ಮೇಲೆ ಎಲ್ಲವೂ ಅಟ್ಟ ಸೇರಿತ್ತು. ಆ ವರ್ಷ ಮಳೆ ಜೋರಾಗಿ ಅಟ್ಟ ಸೋರಲು ಶುರುವಾದಾಗ ಪೆಟ್ಟಿಗೆಯನ್ನು ನಾನೇ ಕೆಳಗೆ ಇಳಿಸಿದೆ. ಒಳಗೆ 31 ತಟ್ಟೆಗಳು. ಒಂದೊಂದರ ನಡುವೆಯೂ ಹಳದಿಯಾದ ವರ್ತಮಾನ ಪತ್ರಿಕೆಯ ಹಾಳೆ. ಎಲ್ಲದರ ಮೇಲೂ ರಂಗೋಲಿ ಪುಡಿ ಚೆಲ್ಲಿದಂತೆ ಬಿಳಿಯ ಬೂಷ್ಟು.

ಅಜ್ಜಿಗೆ ಆಗ 87. ಪೆಟ್ಟಿಗೆ ಕಂಡದ್ದೇ ತಡ, ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಳಿತು ಒಂದೇ ಮಾತು ಕೇಳಿದಳು. "ತಮ್ಮಾ, ಅದರಲ್ಲಿ ಗಾಂಧಾರಿಯ ತಟ್ಟೆ ಇದೆಯೇನು ನೋಡು."

ಇತ್ತು. ಲೇಬಲ್ಲಿನಲ್ಲಿ ನಾಯಿಯ ಚಿತ್ರ, ಅದರ ಕೆಳಗೆ ಗಾಂಧಾರಿ ಎಂಬ ಹೆಸರು. ಯಾರಿದು ಎಂದು ನನಗೆ ಗೊತ್ತಿರಲಿಲ್ಲ. ಅಜ್ಜಿಯೇ ಹೇಳಿದಳು, ನಮ್ಮ ಗಂಗೂಬಾಯಿ ಎಂದು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಮೊದಲ ಹೆಸರು ಗಾಂಧಾರಿ. 1930ರ ದಶಕದ ಅವರ ಮೊದಮೊದಲ ತಟ್ಟೆಗಳು ಆ ಹೆಸರಿನಲ್ಲೇ ಬಂದವು. ನನ್ನ ತಲೆಮಾರಿನವರಿಗೆ ಗಂಗೂಬಾಯಿ ಎಂದರೆ ಆ ಗಂಭೀರ ದನಿ, ಗಂಡಸರು ಹಾಡುತ್ತಿದ್ದಾರೇನೋ ಎನ್ನಿಸುವಷ್ಟು ಮಂದ್ರದ್ದು. ಅದು ಅವರ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ದನಿ. ಅದಕ್ಕಿಂತ ಮುಂಚೆ ಅವರದು ಎತ್ತರದ, ತೆಳುವಾದ, ಎಳೆಯ ಹೆಣ್ಣುದನಿ. ಆ ದನಿ ಅವರಿಗೇ ಮರಳಿ ಸಿಗಲಿಲ್ಲ. ಅದು ಉಳಿದಿರುವುದು ಈ ತಟ್ಟೆಗಳ ಗೆರೆಗಳಲ್ಲಿ ಮಾತ್ರ. ಈ ಮಾತನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ.

"ನಾಳೆ ಹಾಕುತ್ತೇನೆ ಅಜ್ಜಿ, ಇವತ್ತು ಚೊಕ್ಕಟ ಮಾಡುತ್ತೇನೆ" ಎಂದೆ. ನನ್ನ ತಪ್ಪು ಶುರುವಾದದ್ದೇ ಈ ಮಾತಿನಿಂದ.

31ರಲ್ಲಿ ಐದು ಎಲ್‌ಪಿಗಳಿದ್ದವು, ಉಳಿದ 26 ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು. ಎರಡೂ ಕಪ್ಪು, ಎರಡೂ ದುಂಡಗೆ, ಎರಡಕ್ಕೂ ನಡುವೆ ತೂತು. ನನಗೆ ಎಲ್ಲವೂ ಒಂದೇ. ಅಂತರ್ಜಾಲದಲ್ಲಿ ಹುಡುಕಿದಾಗ, ಮೂರು ಪಾಲು ಭಟ್ಟಿ ಇಳಿಸಿದ ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಗೆರೆಯ ಗುಂಟ ಒರೆಸಿ ಎಂಬ ಸಲಹೆ ಸಿಕ್ಕಿತು. ಮೊದಲು ಕೈಗೆ ಬಂದದ್ದು ಎಲ್‌ಪಿಗಳು. ಹಾಗೆಯೇ ಮಾಡಿದೆ. ಬೂಷ್ಟು ಹೋಯಿತು, ತಟ್ಟೆ ಕನ್ನಡಿಯಂತೆ ಹೊಳೆಯಿತು. ಆ ಗೆಲುವೇ ನನ್ನನ್ನು ಕೆಡಿಸಿತು. ಮುಂದಿನ ತಟ್ಟೆ ಎತ್ತಿಕೊಂಡಾಗ ಅದು ಎಲ್‌ಪಿಗಿಂತ ಭಾರವಾಗಿದೆ, ಬೆರಳಿನಿಂದ ತಟ್ಟಿದರೆ ಪಿಂಗಾಣಿಯಂತೆ ಠಣ್ಣೆನ್ನುತ್ತದೆ, ಸ್ವಲ್ಪವೂ ಬಾಗುವುದಿಲ್ಲ ಎಂಬುದನ್ನು ಕೈ ಗಮನಿಸಿತ್ತು. ತಲೆ ಗಮನಿಸಲಿಲ್ಲ. ಬೇರೆ ವಸ್ತುವಿನಿಂದ ಮಾಡಿದ್ದಿರಬಹುದೇ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು.

ಬೆರೆಸಿಟ್ಟ ದ್ರಾವಣ ಅಷ್ಟರಲ್ಲಿ ಮುಗಿದಿತ್ತು. ಅಜ್ಜಿಗೆ ಇನ್ಸುಲಿನ್ ಚುಚ್ಚುವ ಮುಂಚೆ ತೋಳು ಒರೆಸಲು ಇಟ್ಟಿದ್ದ ಸರ್ಜಿಕಲ್ ಸ್ಪಿರಿಟ್ ಬಾಟಲಿ ಕಪಾಟಿನಲ್ಲಿತ್ತು. ಇದರಲ್ಲೂ ಇರುವುದು ಆಲ್ಕೋಹಾಲೇ ಅಲ್ಲವೇ, ನೀರು ಬೆರೆಸದಿದ್ದರೆ ಇನ್ನೂ ಬೇಗ ಕೆಲಸವಾಗುತ್ತದೆ ಎಂದುಕೊಂಡೆ. ಹತ್ತಿಯನ್ನು ಅದರಲ್ಲಿ ಅದ್ದಿ ತಟ್ಟೆಯ ಮೇಲೆ ಒತ್ತಿ ಒರೆಸಿದೆ.

ಹತ್ತಿ ಕಪ್ಪಾಯಿತು. ಸಂತೋಷಪಟ್ಟೆ. ಎಪ್ಪತ್ತು ವರ್ಷದ ಕೊಳೆ, ಒಲೆಯ ಹೊಗೆ, ದೀಪದ ಕರಿ ಎಲ್ಲ ಬಿಟ್ಟುಕೊಂಡು ಬರುತ್ತಿದೆ ಎಂದುಕೊಂಡೆ. ಇನ್ನೊಂದು ಉಂಡೆ ಹತ್ತಿ ತೆಗೆದುಕೊಂಡೆ, ಅದೂ ಕಪ್ಪಾಯಿತು. ಕೊಳೆಯಾಗಿದ್ದರೆ ಎರಡನೆಯ ಸಲಕ್ಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮೂರನೆಯ ಸಲವೂ ಅಷ್ಟೇ ಕಪ್ಪು. ಆ ಕಪ್ಪು ಕೊಳೆಯದಾಗಿರಲಿಲ್ಲ, ತಟ್ಟೆಯದೇ ಆಗಿತ್ತು. ನಾನು ಹತ್ತಿಯಲ್ಲಿ ಒರೆಸಿ ತೆಗೆಯುತ್ತಿದ್ದದ್ದು ಹಾಡನ್ನು.

ಮೂರು ತಟ್ಟೆಗಳ ಎರಡೂ ಮಗ್ಗುಲು ಮುಗಿದವು. ನಾಲ್ಕನೆಯದು ಗಾಂಧಾರಿ. ಅಜ್ಜಿ ಕೇಳಿದ ತಟ್ಟೆ ಎಂದು ಅದಕ್ಕೆ ಹೆಚ್ಚು ಸ್ಪಿರಿಟ್ ಸುರಿದೆ, ಹೆಚ್ಚು ಶ್ರದ್ಧೆಯಿಂದ ಒರೆಸಿದೆ. ಮೊದಲನೇ ಮಗ್ಗುಲು ಮುಗಿಯುವಾಗ ಬಾಟಲಿ ಬರಿದಾಯಿತು. ಮಗುಚಿ ಹಾಕಿ ಹಿಂದಿನ ಮಗ್ಗುಲನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ, ನಾಳೆ ಹೊಸ ಬಾಟಲಿ ತಂದು ಮಾಡಿದರಾಯಿತು ಎಂದು ನಾಲ್ಕನ್ನೂ ಗೋಡೆಗೆ ಒರಗಿಸಿಟ್ಟೆ.

ಸಂಜೆ ಪಕ್ಕದ ಮನೆಯ ಕಾಕಾ ಬಂದರು. ಬಡಿಗತನ ಮಾಡುವವರು. ಬಾಗಿಲಲ್ಲೇ ನಿಂತು ಮೂಗರಳಿಸಿ, "ಯಾವ ಕುರ್ಚಿಗೆ ಪಾಲಿಶ್ ಹಾಕಿಸಿದಿರಿ?" ಎಂದು ಕೇಳಿದರು. ಕುರ್ಚಿಗಲ್ಲ, ರೆಕಾರ್ಡ್ ಒರೆಸಿದೆ ಎಂದೆ. ಅವರು ಒಂದು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ, ಕೆಳಗಿಟ್ಟರು. "ಇದು ಅರಗು. ನಾವು ಪಾಲಿಶ್ ಮಾಡುವುದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ. ನಿಮಗೆ ಯಾರು ಹೇಳಿದರು ಹೀಗೆ ಮಾಡಲು?" ಎಂದರು.

ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿಸುವ ಅದೇ ಅರಗು, ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಅದೇ ಅರಗು. ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ಸ್ರವಿಸಿ ಬಿಡುವ ಅಂಟು ಅದು. ಅದನ್ನು ಶುದ್ಧಮಾಡಿ, ಕಲ್ಲಿನ ಪುಡಿ, ಹತ್ತಿಯ ನಾರು, ದೀಪದ ಮಸಿ ಬೆರೆಸಿ, ಬಿಸಿಮಾಡಿ ಒತ್ತಿ ತಟ್ಟೆ ಮಾಡುತ್ತಿದ್ದರು. ಮಸಿ ಇರುವುದರಿಂದಲೇ ಕಪ್ಪು. ಜಗತ್ತಿನ ಗ್ರಾಮಫೋನ್ ತಟ್ಟೆಗಳಿಗೆ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ. ಅರಗು ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿ ಬಂದದ್ದು 1948ರಲ್ಲಿ, ಅಮೆರಿಕದಲ್ಲಿ. ನಮ್ಮಲ್ಲಿ 1960ರ ದಶಕದಲ್ಲೂ 78ರ ತಟ್ಟೆಗಳು ಹೊರಬರುತ್ತಿದ್ದವು, ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದವು. ಹಾಗಾಗಿ ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಇರುವುದರಲ್ಲಿ ಹೆಚ್ಚಿನವು ಅರಗಿನ ತಟ್ಟೆಗಳೇ ಇರಬೇಕು. ನೀವು ವಿನೈಲ್, ವಿನೈಲ್ ಎಂದು ಬರೆದಿದ್ದೀರಿ. ಅದು ವಿನೈಲ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು.

ತಟ್ಟೆಯ ಒಂದು ಮಗ್ಗುಲಿಗೆ ಇರುವುದು ಒಂದೇ ಗೆರೆ. ಹೊರಗಿನ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಆ ಗೆರೆಯ ಅಂಕುಡೊಂಕೇ ದನಿ. ಮುಳ್ಳು ಅದರಲ್ಲಿ ಓಡುವಾಗ ಅದು ಅಲುಗಿದಂತೆ ತಾನೂ ಅಲುಗುತ್ತದೆ, ಅಷ್ಟೇ. ನಾನು ಸ್ಪಿರಿಟ್ ಹಾಕಿದಾಗ ಗೆರೆಯ ಗೋಡೆಗಳು ಮೆತ್ತಗಾದವು, ಹತ್ತಿ ಉಜ್ಜಿದಾಗ ಸವೆದವು, ಕರಗಿದ ಅರಗು ಹರಿದು ಗೆರೆಯಲ್ಲೇ ಮತ್ತೆ ಗಟ್ಟಿಯಾಯಿತು. ಒಣಗಿದ ಮೇಲೆ ಆ ಮಗ್ಗುಲು ಬೂದು ಬಣ್ಣಕ್ಕೆ ತಿರುಗಿತ್ತು, ಹೊಳಪು ಹೋಗಿತ್ತು. ಅಂಚಿನ ಹತ್ತಿರ ನನ್ನ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಕುಳಿತಿದೆ. ಇವತ್ತಿಗೂ ಇದೆ, ಗೆರೆಗೆ ಅಡ್ಡಲಾಗಿ ಬೆರಳಿನ ಗೆರೆ.

ಅಜ್ಜಿಗೆ ಹೇಳಲು ಬಾಯಿ ಬರಲಿಲ್ಲ. ಮರುದಿನ ಅವಳು ಸ್ನಾನ ಮಾಡಿ, ಸೀರೆ ಉಟ್ಟು ಬಂದು ಕುಳಿತಳು. ಗ್ರಾಮಫೋನಿಗೆ ಕೀಲಿ ಕೊಟ್ಟು, ಹೊಸ ಉಕ್ಕಿನ ಮುಳ್ಳು ಹಾಕಿ, ಮೊದಲನೇ ಮಗ್ಗುಲನ್ನೇ ಹಚ್ಚಿದೆ. ಮರಳು ಸುರಿದಂತೆ ಸದ್ದು. ಅದರ ಕೆಳಗೆ ಎಲ್ಲೋ, ಬೀದಿಯ ಆಚೆ ತುದಿಯಲ್ಲಿ ಯಾರೋ ಹಾಡುತ್ತಿದ್ದಾರೆ ಎನ್ನುವಷ್ಟು ದನಿ, ಅದೂ ಬಿಟ್ಟು ಬಿಟ್ಟು. ಅಜ್ಜಿ ಮೂರು ನಿಮಿಷವೂ ಅಲುಗದೆ ಕೇಳಿದಳು. ದನಿ ಮುಳುಗಿಹೋದ ಕಡೆಗಳಲ್ಲಿ ಅವಳೇ ಮೆಲ್ಲಗೆ ಗುನುಗಿ, ತಟ್ಟೆಯಲ್ಲಿ ದನಿ ಮತ್ತೆ ಎದ್ದಾಗ ಸುಮ್ಮನಾಗುತ್ತಿದ್ದಳು. ಅವಳಿಗೆ ಇಡೀ ಹಾಡು ಬಾಯಿಗೆ ಬರುತ್ತಿತ್ತು. ಮುಗಿದ ಮೇಲೆ, "ತಟ್ಟೆಗೆ ವಯಸ್ಸಾಯಿತು, ನನಗಾದ ಹಾಗೆ. ಮಗುಚಿ ಹಾಕು" ಎಂದಳು.

ಮಗುಚಿ ಹಾಕಿದೆ. ಆ ಮಗ್ಗುಲಿಗೆ ನನ್ನ ಸ್ಪಿರಿಟ್ ತಲುಪಿರಲಿಲ್ಲ. ಎರಡು ಸುತ್ತು ಗರಗರ ಎಂದು, ನಂತರ ಆ ದನಿ ಕೋಣೆಗೆ ಬಂತು. ಇಪ್ಪತ್ತರ ಆಸುಪಾಸಿನ ಹುಡುಗಿಯ ದನಿ. ಚೂಪಾಗಿ, ಮೇಲಿನ ಷಡ್ಜಕ್ಕೆ ಯಾವ ಆಯಾಸವೂ ಇಲ್ಲದೆ ಹೋಗಿ ನಿಲ್ಲುವ ದನಿ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷವಷ್ಟೇ ಸಮಯ ಇರುವುದರಿಂದ ಆಲಾಪಕ್ಕೆ ಎಡೆಯಿಲ್ಲ, ತಾನಗಳು ಒಂದರ ಹಿಂದೊಂದು ಓಡಿ ಬರುತ್ತವೆ. ನಡುವೆ ಕೀಲಿ ಸಡಿಲವಾಗಿ ಶ್ರುತಿ ಇಳಿಯತೊಡಗಿದಾಗ ಅಜ್ಜಿ ಕೈಯಾಡಿಸಿ, ಕೀಲಿ ಕೊಡು ಎಂದು ಸನ್ನೆ ಮಾಡಿದಳು. ಆ ಅಭ್ಯಾಸ ಅವಳಿಗೆ ಎಪ್ಪತ್ತು ವರ್ಷದ ನಂತರವೂ ಹೋಗಿರಲಿಲ್ಲ.

ಅಜ್ಜಿ 2014ರಲ್ಲಿ ತೀರಿಕೊಂಡಳು. ತಟ್ಟೆ ಹಾಳಾದದ್ದು ವಯಸ್ಸಿನಿಂದಲ್ಲ, ನನ್ನ ಕೈಯಿಂದ ಎಂದು ನಾನು ಅವಳಿಗೆ ಹೇಳಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇತ್ತೀಚೆಗೆ ನಾನು ಹೆಚ್ಚು ಕೇಳುತ್ತಿರುವುದು ಆ ಒಂದು ಮಗ್ಗುಲನ್ನು. ಮೂಲ ತಟ್ಟೆಯನ್ನು ವರ್ಷಕ್ಕೆ ಒಮ್ಮೆಯಷ್ಟೇ ಹಚ್ಚುತ್ತೇನೆ, ಉಳಿದಂತೆ ಅದರಿಂದ ಮುದ್ರಿಸಿಕೊಂಡದ್ದನ್ನು ಕೇಳುತ್ತೇನೆ. ಅದರ ಬೆನ್ನಿಗೇ ಗಂಗೂಬಾಯಿಯವರ ನಂತರದ ಕಾಲದ ಎಲ್‌ಪಿ ಒಂದನ್ನು ಹಾಕುತ್ತೇನೆ. ಅದೇ ಹಾಡುಗಾರ್ತಿ, ಆದರೆ ಈಗ ಇಪ್ಪತ್ತು ನಿಮಿಷದ ಮಗ್ಗುಲು, ಆ ತುಂಬುದನಿ, ಒಂದೊಂದೇ ಸ್ವರವನ್ನು ನಿಂತು ನೋಡಿ ಮುಂದೆ ಹೋಗುವ, ಕುಂದಗೋಳದ ಗುರು ಸವಾಯಿ ಗಂಧರ್ವರಿಂದ ಬಂದ ಕಿರಾಣಾ ಘರಾಣೆಯ ನಡೆ. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ. ಕಳೆದುಕೊಂಡ ದನಿಯ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಇನ್ನೊಂದು ದನಿಯನ್ನು ಕಟ್ಟಿಕೊಂಡದ್ದು ಕಿವಿಗೇ ಕಾಣುತ್ತದೆ. ಚಿಕ್ಕಂದಿನಲ್ಲಿ ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಹೊರಗೆ ಓಡಿ ಹೋಗಿ ಕೇಳಿ ಬಂದು, ಆ ಸ್ವರಗಳನ್ನು ಹಾಡಿ ನೋಡುತ್ತಿದ್ದೆ ಎಂದು ಅವರೇ ನೆನೆಸಿಕೊಂಡಿದ್ದುಂಟು.

ಇನ್ನೊಂದು, ಭೀಮಸೇನ ಜೋಶಿಯವರ ಹಳೆಯ ಎಲ್‌ಪಿ. ಒಂದು ಮಗ್ಗುಲಲ್ಲಿ ಲಲಿತ್, ಇನ್ನೊಂದರಲ್ಲಿ ಶುದ್ಧ ಕಲ್ಯಾಣ. ಲಲಿತ್ ಬೆಳಗಿನ ಜಾವದ ರಾಗ, ಶುದ್ಧ ಕಲ್ಯಾಣ ರಾತ್ರಿಯ ಮೊದಲ ಜಾವದ್ದು. ಭಾನುವಾರ ಹಾಲಿನವನು ಬರುವ ಮುಂಚೆ ಎದ್ದು ಲಲಿತ್ ಹಾಕುತ್ತೇನೆ. ಮುಗಿದ ಮೇಲೆ ತಟ್ಟೆಯನ್ನು ಮಗುಚಿ ಹಾಕಿ, ಮುಚ್ಚಳ ಮುಚ್ಚಿ, ದೀಪ ಹಚ್ಚುವ ಹೊತ್ತಿನವರೆಗೆ ಹಾಗೆಯೇ ಬಿಡುತ್ತೇನೆ. ದಿನವಿಡೀ ಒಂದು ರಾಗ ಅಲ್ಲಿ ಕಾದು ಕುಳಿತಿರುತ್ತದೆ. ಅಮ್ಮನ ಕಾಲದ ಕನ್ನಡ ಚಿತ್ರಗೀತೆಗಳ ಪುಟ್ಟ 45ರ ತಟ್ಟೆಗಳೂ ಒಂದಷ್ಟಿವೆ. ಹಬ್ಬದ ದಿನ ಅಡುಗೆಮನೆಗೆ ಕೇಳುವಂತೆ ಅವನ್ನು ಹಾಕುತ್ತೇವೆ.

ಆದರೆ ನನ್ನ ಈ ಪಟ್ಟಿಯಿಂದ ನಿಮಗೇನೂ ಆಗಬೇಕಾದ್ದಿಲ್ಲ. ಬೇರೆಯವರು ಏನು ಕೇಳುತ್ತಿದ್ದಾರೆಂದು ತಿಳಿದುಕೊಂಡು ಅದನ್ನು ಕೊಳ್ಳುವ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ಪೆಟ್ಟಿಗೆ ತಟ್ಟೆಗಳು ಮನೆಯಲ್ಲೇ ಇವೆ, ಅವುಗಳಲ್ಲಿ ಏನಿದೆ ಎಂದು ನೀವು ಒಂದನ್ನೂ ಕೇಳಿ ನೋಡಿದಂತಿಲ್ಲ. ಕೇಳದೆ ಮಾರುವುದೂ ಕೇಳದೆ ಒರೆಸುವುದೂ ಒಂದೇ ತಪ್ಪಿನ ಎರಡು ಮಗ್ಗುಲು. ಮಾರಲು ಹೋದರೆ, 78ರ ತಟ್ಟೆಗಳಿಗೆ ನೀವು ಎಣಿಸಿದ ದುಡ್ಡು ಬರುವುದೂ ಕಷ್ಟ. ಅವನ್ನು ನುಡಿಸುವ ಯಂತ್ರ ಇರುವವರೇ ಕಡಿಮೆ. ಮುಂಬೈಯ ಚೋರ್ ಬಜಾರಿನಲ್ಲಿ ಅವುಗಳನ್ನು ಇಟ್ಟಿಗೆಯಂತೆ ಪೇರಿಸಿಟ್ಟದ್ದನ್ನು ಕಂಡಿದ್ದೇನೆ.

ಹೊಸ ಎಲ್‌ಪಿಗಳ ಮೇಲೆ 180 ಗ್ರಾಂ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ತಟ್ಟೆಯ ತೂಕ, ಸಂಗೀತದ ಗುಣವಲ್ಲ. ಯಾವ ಮೂಲದಿಂದ ಕತ್ತರಿಸಿದ್ದಾರೆ, ಎಷ್ಟು ಎಚ್ಚರದಿಂದ ಒತ್ತಿದ್ದಾರೆ ಎಂಬುದರ ಮೇಲೆ ದನಿ ನಿಂತಿದೆ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ 78ರ ವೇಗವೂ ಇರುವ ಒಂದು ಒಳ್ಳೆಯ ಟರ್ನ್‌ಟೇಬಲ್ ಕೊಳ್ಳಿ. ಜೊತೆಗೆ 78ಕ್ಕೆಂದೇ ಇರುವ ಮೂರು ಮಿಲ್ ಮುಳ್ಳು ಕೊಳ್ಳಿ (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಎಲ್‌ಪಿಯ ಮುಳ್ಳಿನ ತುದಿ ಒಂದು ಮಿಲ್‌ಗಿಂತಲೂ ಸಣ್ಣದು. 78ರ ಗೆರೆ ಅಗಲವಾದದ್ದು, ಸಣ್ಣ ಮುಳ್ಳು ಅದರ ತಳಕ್ಕೆ ಬಿದ್ದು ಕಸವನ್ನೇ ಕೆರೆಯುತ್ತದೆ, ದನಿ ಇರುವ ಗೋಡೆಯನ್ನು ಸರಿಯಾಗಿ ಮುಟ್ಟುವುದಿಲ್ಲ. ಅಜ್ಜನ ಕೀಲಿ ಗ್ರಾಮಫೋನ್ ಇದ್ದರೆ ಅದರ ಮೇಲೆ ಮರೆತೂ ಎಲ್‌ಪಿ ಹಾಕಬೇಡಿ. ಅದರ ತಲೆ ನೂರು ಗ್ರಾಮಿಗೂ ಹೆಚ್ಚು ಭಾರದಿಂದ ಒತ್ತುತ್ತದೆ. ಈಗಿನ ಟರ್ನ್‌ಟೇಬಲ್ಲಿನ ಮುಳ್ಳು ಒತ್ತುವುದು ಎರಡು ಗ್ರಾಮಿನಷ್ಟು. ಎಲ್‌ಪಿ ಒಂದೇ ಸಲಕ್ಕೆ ಉತ್ತುಹೋಗುತ್ತದೆ.

ನಾನು ಏನು ಮಾಡದೆ ಕೆಟ್ಟೆನೋ ಅದನ್ನು ನೀವು ಮಾಡಿ. ಪ್ರತಿ ತಟ್ಟೆಯ ಎರಡೂ ಲೇಬಲ್ಲುಗಳ ಚಿತ್ರ ತೆಗೆದುಕೊಳ್ಳಿ. ಧೂಳನ್ನು ಒಣ ಮೆತ್ತನೆಯ ಕುಂಚದಿಂದ ಗೆರೆಯ ಗುಂಟ ಕೊಡವಿ. ನಂತರ ಎಷ್ಟು ಗರಗರ ಎಂದರೂ ಪರವಾಗಿಲ್ಲ, ಇದ್ದದ್ದು ಇದ್ದ ಹಾಗೆ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಮುದ್ರಿಸಿಕೊಳ್ಳಿ. ಅದಾದ ಮೇಲಷ್ಟೇ ಒರೆಸುವ ಮಾತು. ಅದೂ ಭಟ್ಟಿ ಇಳಿಸಿದ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯ ಸಾಬೂನಿನ ಒಂದು ಹನಿ, ಹಿಂಡಿದ ಬಟ್ಟೆ. ನೆನೆಯಲು ಬಿಡಬೇಡಿ, ಲೇಬಲ್ಲಿಗೆ ನೀರು ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ. ಒಣಗಿದ ಮೇಲೆ ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಅಪರೂಪದ್ದು ಏನಾದರೂ ಸಿಕ್ಕರೆ ಮುಂಬೈಯಲ್ಲಿ 1990ರಲ್ಲಿ ಶುರುವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಗ್ರಾಹಕರ ಸಂಘವನ್ನು ಕೇಳಿ.

ಲೇಬಲ್ಲುಗಳ ಚಿತ್ರಗಳನ್ನು ಇಲ್ಲಿಯೂ ಹಾಕಿ. ಅವುಗಳಲ್ಲಿ ಎಲ್ಲಾದರೂ ಗಾಂಧಾರಿ ಎಂಬ ಹೆಸರು ಕಂಡರೆ, ದಯವಿಟ್ಟು ಅದನ್ನು ಮುಟ್ಟದೆ ಹಾಗೆಯೇ ಇಟ್ಟು ನನಗೆ ಒಂದು ಮಾತು ತಿಳಿಸಿ. ನೀವು ಯಾವ ಊರಿನಲ್ಲಿದ್ದರೂ ಹುಬ್ಬಳ್ಳಿಯಿಂದ ನಾನೇ ಬರುತ್ತೇನೆ, ಟರ್ನ್‌ಟೇಬಲ್ಲನ್ನೂ ಮೂರು ಮಿಲ್ ಮುಳ್ಳನ್ನೂ ನಾನೇ ಹೊತ್ತು ತರುತ್ತೇನೆ. ಆ ತಟ್ಟೆಯ ಮೊದಲನೇ ಮಗ್ಗುಲನ್ನು ನಾನು ಇನ್ನೂ ಕೇಳಿಲ್ಲ.